ಇಲ್ಲದ ಬೆರಳಿನ ನೋವಿಗೆ ಎಷ್ಟು ಶೇಕಡಾ?

ನಮ್ಮ ಮೊಹಲ್ಲಾದ ಒಬ್ಬ ಸಾಮಿಲ್ ಕೆಲಸಗಾರನ ಬಲಗೈಯಲ್ಲಿ ಈಗ ಮೂರೇ ಬೆರಳು. 2021ರ ಒಂದು ಮಧ್ಯಾಹ್ನ ಹಲಗೆ ಸೀಳುತ್ತಿದ್ದಾಗ ಬ್ಲೇಡು ಅವನ ತೋರುಬೆರಳನ್ನೂ ನಡುಬೆರಳನ್ನೂ ಬುಡದಿಂದಲೇ ಕೊಂಡೊಯ್ಯಿತು. ಆಗ ಅವನಿಗೆ ನಲವತ್ತು ವರ್ಷ. ಗಾಯ ಮಾಗಿ ವರ್ಷಗಳಾದವು. ನೋಡಿದವರು "ವಾಸಿಯಾಯಿತಲ್ಲ, ಅಲ್ಲಾಹನ ದಯೆ" ಎನ್ನುತ್ತಾರೆ. ಅವನು ಮಾತ್ರ ರಾತ್ರಿ ಎರಡು ಗಂಟೆಗೆ ಎದ್ದು ಕುಳಿತು, ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಮಗುವನ್ನು ತೂಗಿದ ಹಾಗೆ ತೂಗುತ್ತಾನೆ.

"ಭಾಯ್, ಜೋ ಉಂಗ್ಲಿ ನೈಂ ಹೈ ನಾ, ವೊಯಿಚ್ ದುಖ್ತಿ" ಎಂದು ಅವನು ಒಮ್ಮೆ ನಮಗೆ ಹೇಳಿದ. ಇರುವ ಬೆರಳುಗಳಿಗೆ ಏನೂ ಇಲ್ಲ, ಇಲ್ಲದ ಬೆರಳೇ ನೋಯುತ್ತದೆ ಎಂದು ಅದರರ್ಥ. ಯಾರೋ ಆ ಬೆರಳನ್ನು ಕೆಂಡದ ಮೇಲಿಟ್ಟು ತಿರುಚಿದ ಹಾಗೆ ಆಗುತ್ತದಂತೆ. ಈ ಮಾತನ್ನು ಅವನು ಬೇರೆ ಯಾರಿಗೂ ಹೇಳುವುದಿಲ್ಲ. ಮೊದಮೊದಲು ಹೇಳಿದ್ದ. ಕೇಳಿದವರಲ್ಲಿ ಕೆಲವರು ನಕ್ಕರು, ಕೆಲವರು ತಾಯಿತ ಕಟ್ಟಿಸಿದರು, ಸಾಮಿಲ್ಲಿನ ಯಜಮಾನರು "ಇನ್ನಷ್ಟು ದುಡ್ಡು ಬೇಕಂತ ನಾಟಕ" ಎಂದರು. ಅಂದಿನಿಂದ ಅವನು ಬಾಯಿ ಮುಚ್ಚಿದ.

ಈ ಬರಹ ಆ ಯಜಮಾನರ ವಿರುದ್ಧ ಮಾತ್ರ ಅಲ್ಲ. ಮೊದಲು ನಮ್ಮ ವಿರುದ್ಧವೇ. ಯಾಕೆಂದರೆ ಆ ಕೆಲಸಗಾರನ ಎರಡು ಬೆರಳಿಗೆ ಬೆಲೆ ಕಟ್ಟಿದ ಪಂಚಾಯಿತಿಯಲ್ಲಿ ನಾವೂ ಇದ್ದೆವು. ಅಪಘಾತವಾಗಿ ಎರಡು ತಿಂಗಳಿಗೆ, ಒಂದು ಶುಕ್ರವಾರ ನಮಾಜಿನ ನಂತರ, ಮಸೀದಿಯ ಪಕ್ಕದ ಕೋಣೆಯಲ್ಲಿ ಹಿರಿಯರು ಸೇರಿದರು. ಯಜಮಾನರೂ ನಮ್ಮವರೇ, ಕೆಲಸಗಾರನೂ ನಮ್ಮವನೇ. ಇಬ್ಬರೂ ಆಗಷ್ಟೇ ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು ಬಂದವರು. ಕೋರ್ಟು ಕಚೇರಿ ಯಾಕೆ, ನಾವು ನಾವೇ ಮುಗಿಸಿಕೊಳ್ಳೋಣ ಎಂದು ಎಲ್ಲರೂ ಒಪ್ಪಿದರು. ಆಸ್ಪತ್ರೆಯ ಖರ್ಚು ಯಜಮಾನರು ಆಗಲೇ ಕೊಟ್ಟಿದ್ದರು. ಅದರ ಮೇಲೆ ಮೂವತ್ತು ಸಾವಿರ ರೂಪಾಯಿ. "ಇನ್ನು ಮುಂದೆ ಯಾವ ಹಕ್ಕುದಾರಿಕೆಯೂ ಇರುವುದಿಲ್ಲ" ಎಂಬ ಒಂದು ಕಾಗದ. ಎರಡೂ ಭಾಷೆ ಬಲ್ಲವರು, ಕಥೆ ಬರೆಯುವವರು, ಅಕ್ಷರ ಚೆನ್ನಾಗಿದೆ ಎಂದು ಆ ಕಾಗದವನ್ನು ನಮ್ಮ ಕೈಗೆ ಕೊಟ್ಟರು. ನಾವು ಬರೆದೆವು. ಅವನು ಎಡಗೈ ಹೆಬ್ಬೆಟ್ಟು ಒತ್ತಿದ. ದುವಾ ಮಾಡಿ ಎಲ್ಲರೂ ಚಹಾ ಕುಡಿದೆವು. ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನದಿಂದ ಮನೆಗೆ ಬಂದೆವು.

ಆ ಸಮಾಧಾನ ಎಷ್ಟು ಸುಳ್ಳು ಎಂಬುದು ನಮಗೆ ಗೊತ್ತಾಗಲು ಮೂರು ವರ್ಷ ಬೇಕಾಯಿತು. ಈಗ ಲೆಕ್ಕ ಮಾಡೋಣ.

1923ರಲ್ಲಿ ಬಂದ ಕಾರ್ಮಿಕ ಪರಿಹಾರ ಕಾಯಿದೆ ಅಪಘಾತವಾದ ದಿನ ಜಾರಿಯಲ್ಲಿತ್ತು. 2009ರ ತಿದ್ದುಪಡಿಯಲ್ಲಿ ಅದರ ಹೆಸರು ನೌಕರರ ಪರಿಹಾರ ಕಾಯಿದೆ ಎಂದಾಯಿತು. ಉತ್ಪಾದನೆಯ ಕೆಲಸ ನಡೆಯುವ ಜಾಗದಲ್ಲಿ ಇಪ್ಪತ್ತು ಜನ ಇರಬೇಕೆಂಬ ಷರತ್ತನ್ನೂ ಅದೇ ತಿದ್ದುಪಡಿ ತೆಗೆದುಹಾಕಿತು. ಹಾಗಾಗಿ ಆರೇ ಜನ ದುಡಿಯುವ ನಮ್ಮ ಮೊಹಲ್ಲಾದ ಸಾಮಿಲ್ಲಿಗೂ ಅದು ಅನ್ವಯ. ಕಾಯಿದೆಗೆ ಒಂದು ಪಟ್ಟಿ ಅಂಟಿಕೊಂಡಿದೆ. ಕಸಾಯಿ ಅಂಗಡಿಯ ದರಪಟ್ಟಿಯ ಹಾಗೆ ದೇಹದ ಒಂದೊಂದು ಭಾಗಕ್ಕೂ ಅಲ್ಲಿ ಒಂದೊಂದು ಸಂಖ್ಯೆ. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇಕಡಾ 30 ನಷ್ಟ. ಇಡೀ ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರದ ಬೆರಳು ಇಲ್ಲವೇ ಕಿರುಬೆರಳಿಗೆ 7. ಒಂದೇ ಕೈಯ ಎರಡು ಬೆರಳು ಹೋದರೆ 20. ಮೂರು ಹೋದರೆ 30, ನಾಲ್ಕೂ ಹೋದರೆ 50.

ಇನ್ನು ದುಡ್ಡಿನ ಲೆಕ್ಕ. ಪೂರ್ತಿ ಮತ್ತು ಶಾಶ್ವತ ಊನಕ್ಕೆ ತಿಂಗಳ ಸಂಬಳದ ಶೇಕಡಾ 60ನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ನಲವತ್ತು ವರ್ಷದವನಿಗೆ ಆ ಅಂಕಿ 184.17. ನಮ್ಮ ಕೆಲಸಗಾರನ ಸಂಬಳ ತಿಂಗಳಿಗೆ 12,000 ರೂಪಾಯಿ. ಅದರ ಶೇಕಡಾ 60 ಎಂದರೆ 7,200. ಅದನ್ನು 184.17ರಿಂದ ಗುಣಿಸಿದರೆ 13,26,024 ರೂಪಾಯಿ. ಎರಡು ಬೆರಳಿಗೆ ಅದರ ಶೇಕಡಾ 20, ಅಂದರೆ 2,65,204 ರೂಪಾಯಿ. ಚಿಕಿತ್ಸೆಯ ಖರ್ಚು ಇದರಲ್ಲಿ ಸೇರಿಲ್ಲ. ಅದನ್ನು ಬೇರೆಯಾಗಿ ಯಜಮಾನರೇ ಭರಿಸಬೇಕೆಂದು 2009ರಿಂದ ಕಾಯಿದೆಯೇ ಹೇಳುತ್ತಿತ್ತು. ಹಣ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡಾ 12ರ ಬಡ್ಡಿ. ತಡಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ಮೊತ್ತದ ಅರ್ಧದಷ್ಟರವರೆಗೆ ದಂಡ.

ನಾವು ಕೊಡಿಸಿದ್ದು ಮೂವತ್ತು ಸಾವಿರ. ಅವನಿಗೆ ಸಲ್ಲಬೇಕಾಗಿದ್ದದ್ದರ ಒಂಬತ್ತನೇ ಒಂದು ಭಾಗಕ್ಕಿಂತ ತುಸುವೇ ಹೆಚ್ಚು ಕೊಟ್ಟು "ಹಕ್ಕು ಮುಗಿಯಿತು" ಎಂದು ಬರೆಸಿಕೊಂಡೆವು. ಅದೇ ಕಾಯಿದೆಯ 17ನೇ ಕಲಮಿನ ಪ್ರಕಾರ, ಕೆಲಸಗಾರ ತನ್ನ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಕರಾರಿಗೂ ಬೆಲೆಯಿಲ್ಲ. ನಾವು ಅಷ್ಟು ಅಂದವಾಗಿ ಬರೆದ ಕಾಗದ ಬರೀ ರದ್ದಿ. ಆದರೂ ಅದು ಕೆಲಸ ಮಾಡಿತು. ಆ ಕಾಗದ ಇದೆಯೆಂಬ ಹೆದರಿಕೆಯಲ್ಲೇ ಅವನು ಅರ್ಜಿ ಹಾಕದೆ ಕೂತ. ಕಾಯಿದೆ ಕೊಟ್ಟಿದ್ದ ಎರಡು ವರ್ಷದ ಗಡುವು ಕಳೆದುಹೋಯಿತು.

ಪ್ರಶ್ನೆ ಇಲ್ಲಿಗೆ ನಿಲ್ಲುವುದಿಲ್ಲ. ಆ 2,65,204 ರೂಪಾಯಿ ಅಂದೇ ಸಿಕ್ಕಿದ್ದರೂ ಅದು ಎರಡು ಬೆರಳಿಗೆ. ನೋವಿಗೆ ಎಷ್ಟು? ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ ನೋಡಿ. ಕೈಯಿದೆ, ಕಾಲಿದೆ, ಕಣ್ಣಿದೆ, ಕಿವಿಯಿದೆ, ಕಾಲ್ಬೆರಳ ಒಂದೊಂದು ಗೆಣ್ಣೂ ಇದೆ. ನೋವು ಎಂಬ ಸಾಲು ಎಲ್ಲಿಯೂ ಇಲ್ಲ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂತು. ಹಳೆಯ ಕಾಯಿದೆ ಅದರೊಳಗೆ ಸೇರಿಹೋಯಿತು. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಆದ ಅಪಘಾತವನ್ನೂ ಕೆಲಸದ ಅಪಘಾತವೆಂದು ಪರಿಗಣಿಸಲು ಅದು ಅವಕಾಶ ಕೊಟ್ಟಿದೆ. ಅದು ಒಳ್ಳೆಯದೇ. ಆದರೆ ಬೆರಳಿನ ಪಟ್ಟಿ ಹೊಸ ಪುಸ್ತಕಕ್ಕೂ ಹಾಗೆಯೇ ನಡೆದು ಬಂದಿದೆ. ನೂರು ವರ್ಷಗಳಲ್ಲಿ ವೈದ್ಯಶಾಸ್ತ್ರ ಎಲ್ಲಿಂದ ಎಲ್ಲಿಗೋ ಹೋಯಿತು. ನಮ್ಮ ಲೆಕ್ಕ ಮಾತ್ರ ಇನ್ನೂ ಬೆರಳೆಣಿಕೆಯಲ್ಲೇ ಇದೆ.

ನೋವು ಎಂದರೆ ಗಾಯದ ನೆರಳು, ಗಾಯ ಮಾಗಿದರೆ ನೋವೂ ಹೋಗಬೇಕು, ಹೋಗದಿದ್ದರೆ ರೋಗಿ ಸುಳ್ಳು ಹೇಳುತ್ತಿದ್ದಾನೆ. ಇದು ಜನರ ನಂಬಿಕೆ. ಎಷ್ಟೋ ಡಾಕ್ಟರರ ನಂಬಿಕೆಯೂ ಇದೇ. ಆದರೆ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು 1965ರಲ್ಲೇ ಬೇರೆ ಮಾತು ಹೇಳಿದರು. ಗಾಯದಿಂದ ಹೊರಟ ಸುದ್ದಿ ನೇರವಾಗಿ ಮಿದುಳಿಗೆ ಹೋಗುವುದಿಲ್ಲ, ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ, ಅದು ಆ ಸುದ್ದಿಯನ್ನು ಹಿಗ್ಗಿಸಲೂ ಬಹುದು ಕುಗ್ಗಿಸಲೂ ಬಹುದು ಎಂಬುದು ಅವರ ವಾದ. ನರಗಳು ಬಹಳ ಕಾಲ ನೋವಿನ ಸುದ್ದಿ ಹೊತ್ತರೆ, ಗಾಯ ಆರಿದ ಮೇಲೂ ಸಣ್ಣ ಸ್ಪರ್ಶಕ್ಕೇ ಬೊಬ್ಬೆ ಹೊಡೆಯುವುದನ್ನು ಕಲಿತುಬಿಡುತ್ತವೆ ಎಂಬುದು ಇಂದು ವೈದ್ಯರಿಗೆ ಗೊತ್ತಿರುವ ಸಂಗತಿ. ಕತ್ತರಿಸಿಹೋದ ಅಂಗದ ನೋವೂ ಅಷ್ಟೇ ನಿಜ. ಬೆರಳು ಹೋದರೂ ಮಿದುಳಿನಲ್ಲಿ ಅದರ ಜಾಗ ಹೋಗಿರುವುದಿಲ್ಲ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಇಂಥ ರೋಗಿಗಳ ಮುಂದೆ ಒಂದು ಸಾಮಾನ್ಯ ಕನ್ನಡಿ ಇಟ್ಟು, ಇರುವ ಕೈಯ ಪ್ರತಿಬಿಂಬವನ್ನು ಇಲ್ಲದ ಕೈಯ ಜಾಗದಲ್ಲಿ ಕಾಣಿಸಿ, ಕೆಲವರ ನೋವು ಇಳಿಯುವುದನ್ನು ತೋರಿಸಿದರು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಇಲ್ಲವೇ ಮರುಕಳಿಸುವ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯ ಹನ್ನೊಂದನೇ ಆವೃತ್ತಿಯಲ್ಲಿ ಪ್ರತ್ಯೇಕ ಜಾಗ ಕೊಟ್ಟಿತು. ಆ ಆವೃತ್ತಿ 2022ರಿಂದ ಜಾರಿಯಲ್ಲಿದೆ.

ಅಂದರೆ ನಮ್ಮ ಸಾಮಿಲ್ ಕೆಲಸಗಾರ ರಾತ್ರಿ ಎರಡು ಗಂಟೆಗೆ ಹೇಳಿದ ಮಾತನ್ನೇ ಜಗತ್ತಿನ ದೊಡ್ಡ ವೈದ್ಯರೂ ಹೇಳುತ್ತಿದ್ದಾರೆ. ನಾಟಕ ಆಡುತ್ತಿರುವವನು ಅವನಲ್ಲ.

ನಮ್ಮ ಕನ್ನಡ ಈ ವಿಷಯದಲ್ಲಿ ಕಾಯಿದೆಗಿಂತ ಜಾಣ ಭಾಷೆ. ನೋವು, ಬೇನೆ, ಶೂಲೆ, ಉರಿ, ಸೆಳೆತ, ಉಳುಕು, ಜೋಮು, ಹಿಡಿತ, ಕುಟುಕು, ಕೊರೆತ. ಹಳ್ಳಿಯ ಅಜ್ಜಿಯೊಬ್ಬಳು ಇಷ್ಟೂ ಪದಗಳನ್ನು ಬೇರೆ ಬೇರೆಯಾಗಿ ಬಳಸಬಲ್ಲಳು. ಆಸ್ಪತ್ರೆಯ ಚೀಟಿಯಲ್ಲಿ, ಕೋರ್ಟಿನ ಅರ್ಜಿಯಲ್ಲಿ ಮಾತ್ರ ಅವೆಲ್ಲ ಸೇರಿ "ರೋಗಿ ನೋವೆಂದು ಹೇಳುತ್ತಾನೆ" ಎಂಬ ಒಂದು ಸಾಲಾಗುತ್ತದೆ. ಆ "ಹೇಳುತ್ತಾನೆ" ಎಂಬಲ್ಲೇ ಅನುಮಾನ ಅಡಗಿ ಕೂತಿದೆ.

ನ್ಯಾಯದ ದಾರಿ ಇಲ್ಲವೇ ಇಲ್ಲ ಎಂದಲ್ಲ. ಒರಿಸ್ಸಾದ ಜೇಪುರದಲ್ಲಿ 1968ರಲ್ಲಿ ಸಿನಿಮಾ ಮಂದಿರವೊಂದರ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದು, ಅವನ ಎಡಗೈಯನ್ನು ಮೊಣಕೈಯ ಮೇಲೆ ಕತ್ತರಿಸಬೇಕಾಯಿತು. ಯಜಮಾನನ ವಕೀಲರು ಪಟ್ಟಿ ತೋರಿಸಿ ಇದು ಭಾಗಶಃ ಊನ ಎಂದು ವಾದಿಸಿದರು. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕೇಳಿದ್ದು ಸರಳ ಪ್ರಶ್ನೆ. ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲು ಆಗುತ್ತದೆಯೆ? ಆಗುವುದಿಲ್ಲ. ಹಾಗಿದ್ದರೆ ಅವನು ಕಳೆದುಕೊಂಡದ್ದು ಕೈಯ ಶೇಕಡಾವಾರು ಅಲ್ಲ, ಪೂರ್ತಿ ದುಡಿಮೆ ಎಂದು ಕೋರ್ಟು ಹೇಳಿತು. ಪರಿಹಾರ ಕೊಡುವ ಹೊಣೆ ಅಪಘಾತವಾದ ದಿನದಿಂದಲೇ ಹುಟ್ಟುತ್ತದೆ, ತೀರ್ಪು ಬಂದ ದಿನದಿಂದಲ್ಲ ಎಂದೂ ಹೇಳಿತು. 2010ರಲ್ಲಿ ರಾಜ್ ಕುಮಾರ್ ಎಂಬವರ ರಸ್ತೆ ಅಪಘಾತದ ಪ್ರಕರಣದಲ್ಲಿ ಅದೇ ಕೋರ್ಟು ಇದನ್ನು ಇನ್ನಷ್ಟು ಬಿಡಿಸಿತು. ಡಾಕ್ಟರು ಹೇಳುವ ಅಂಗದ ಊನವೇ ಬೇರೆ, ಆ ಊನದಿಂದ ದುಡಿಮೆಗೆ ಬೀಳುವ ಪೆಟ್ಟೇ ಬೇರೆ. ಎಡಗೈ ಕಳೆದುಕೊಂಡ ಗುಮಾಸ್ತನ ನೌಕರಿ ಉಳಿಯಬಹುದು, ಡ್ರೈವರನದು ಉಳಿಯದು.

ಈ ಅಳತೆಯಲ್ಲಿ ನಮ್ಮ ಕೆಲಸಗಾರನನ್ನು ಇಟ್ಟು ನೋಡಿ. ತೋರುಬೆರಳಿಲ್ಲದ, ರಾತ್ರಿಯಿಡೀ ನಿದ್ದೆಯಿಲ್ಲದ, ಮೆಷಿನ್ನಿನ ಸದ್ದು ಕೇಳಿದರೆ ಕೈ ನಡುಗುವ ಮನುಷ್ಯ ಮತ್ತೆ ಬ್ಲೇಡಿನ ಮುಂದೆ ನಿಲ್ಲಬಲ್ಲನೆ? ಅವನ ಮುಂದೆ ಮೂರು ಸಂಖ್ಯೆಗಳಿವೆ. ನಾವು ಕೊಡಿಸಿದ 30,000. ಬೆರಳು ಎಣಿಸಿದರೆ 2,65,204. ಮನುಷ್ಯನನ್ನು ಎಣಿಸಿದರೆ 13,26,024. ಇಡೀ ಜಗಳ ಇರುವುದು ಈ ಮೂರು ಸಂಖ್ಯೆಗಳ ನಡುವೆ.

ಇನ್ನು ಯಜಮಾನರ ವಾದಗಳಿಗೆ ಬರೋಣ. ಅವೂ ಹೊಸವಲ್ಲ.

"ಮೆಷಿನ್ನಿನ ಗಾರ್ಡನ್ನು ಅವನೇ ತೆಗೆದಿದ್ದ, ತಪ್ಪು ಅವನದು." ಈ ಕಾಯಿದೆಯಲ್ಲಿ ತಪ್ಪು ಯಾರದು ಎಂಬುದು ಮೊದಲ ಪ್ರಶ್ನೆಯೇ ಅಲ್ಲ. ಕೆಲಸದಿಂದಾಗಿ, ಕೆಲಸದ ವೇಳೆಯಲ್ಲಿ ಪೆಟ್ಟಾಯಿತೆ ಎಂಬುದಷ್ಟೇ ಮುಖ್ಯ. ಬೇಕೆಂದೇ ರಕ್ಷಣೆಯ ಸಾಧನ ಕಿತ್ತೆಸೆದರೆ ವಿನಾಯಿತಿ ಇದೆ, ನಿಜ. ಆದರೆ ದಿನಕ್ಕೆ ಇಷ್ಟು ಅಡಿ ಕೊಯ್ಯಲೇಬೇಕು ಎಂದು ನಿಗದಿ ಮಾಡಿ, ಗಾರ್ಡು ಇದ್ದರೆ ಅಷ್ಟು ಕೊಯ್ಯಲಾಗದು ಎಂದು ತಿಳಿದೂ ಸುಮ್ಮನಿದ್ದವರು ಯಾರು? ಗಾರ್ಡು ತೆಗೆದದ್ದು ಅವನ ಕೈ ಇರಬಹುದು, ತೆಗೆಸಿದ್ದು ಯಾರ ಅವಸರ?

"ಎಲ್ಲ ತಕದೀರ್." ಹಣೆಬರಹದ ಮಾತನ್ನು ನೋವು ತಿನ್ನುವವನು ತನಗೆ ತಾನೇ ಹೇಳಿಕೊಂಡರೆ ಅದು ಸಾಂತ್ವನ. ದುಡ್ಡು ಕೊಡಬೇಕಾದವನು ಹೇಳಿದರೆ ಅದು ಜಾರಿಕೆ. ತನ್ನ ಲಾರಿಗೆ ಇನ್ಶೂರೆನ್ಸ್ ಮಾಡಿಸುವಾಗ ಅದೇ ಯಜಮಾನರಿಗೆ ತಕದೀರ್ ನೆನಪಾಗುವುದಿಲ್ಲ.

"ಸಣ್ಣ ವ್ಯಾಪಾರ, ಇಷ್ಟೆಲ್ಲ ಕೊಟ್ಟರೆ ಮುಳುಗಿಹೋಗುತ್ತೇವೆ." ಇದೊಂದು ಮಾತಿನಲ್ಲಿ ಸತ್ಯವಿದೆ. ಆರು ಜನರ ಸಾಮಿಲ್ಲಿನ ಯಜಮಾನರು ದೊಡ್ಡ ಶ್ರೀಮಂತರೇನೂ ಅಲ್ಲ. ಆದರೆ ಮುಳುಗದೆ ಇರುವ ದಾರಿಯೂ ಇದೆ. ಕೆಲಸಗಾರರ ಪರಿಹಾರಕ್ಕೆಂದೇ ವಿಮೆಯ ಪಾಲಿಸಿಗಳಿವೆ. ಹತ್ತು ಜನ ದುಡಿಯುವಲ್ಲಿ ಇಎಸ್‌ಐ ಬರುತ್ತದೆ. ಅಲ್ಲಿ ಪೆಟ್ಟುಬಿದ್ದು ಮಲಗಿದವನಿಗೆ ಸಂಬಳದ ಶೇಕಡಾ 90ರ ಲೆಕ್ಕದಲ್ಲಿ ಹಣ ಸಿಗುತ್ತದೆ. ಇಎಸ್‌ಐ ಇಲ್ಲದವನಿಗೆ 1923ರ ಕಾಯಿದೆ ಕೊಟ್ಟದ್ದು ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಕಾಲು ಭಾಗ, ಅಂದರೆ ಒಟ್ಟು ಅರ್ಧ ಸಂಬಳ. ಅದನ್ನಾದರೂ ಎಷ್ಟು ಯಜಮಾನರು ಕೊಟ್ಟಿದ್ದಾರೆ? ಒಂಬತ್ತು ಜನರ ಹೆಸರು ಬರೆದು ಹತ್ತನೆಯವನನ್ನು "ನಮ್ಮ ಸಂಬಂಧಿ, ಸುಮ್ಮನೆ ಬರುತ್ತಾನೆ" ಎಂದು ತೋರಿಸುವ ಜಾಣತನ ನಮ್ಮಲ್ಲಿ ಎಷ್ಟು ಜನರಿಗಿಲ್ಲ?

"ಹಾಗಂತ ನಾವು ಕೈಬಿಟ್ಟಿಲ್ಲವಲ್ಲ, ಪ್ರತಿ ರಂಜಾನಿಗೆ ಅವನ ಮನೆಗೆ ಅಕ್ಕಿ, ಎಣ್ಣೆ, ಬಟ್ಟೆ ಕಳಿಸುತ್ತೇವೆ." ನಮ್ಮನ್ನು ಹೆಚ್ಚು ಕೆರಳಿಸುವುದು ಈ ಮಾತು. ಸಾಲ ಉಳಿಸಿಕೊಂಡವನು ಸಾಲಗಾರನಿಗೇ ದಾನ ಮಾಡಿದರೆ ಅದು ಯಾವ ಪುಣ್ಯ? ಉರ್ದು ಶಾಲೆಯಲ್ಲಿ ನಾವು ಪರಿಹಾರಕ್ಕೆ ಕಲಿತ ಪದ ಮುಆವಜಾ. ಅದರ ಬೇರಿನಲ್ಲಿ "ಬದಲಿಗೆ ಕೊಟ್ಟದ್ದು" ಎಂಬ ಅರ್ಥವಿದೆ. ಒಂದನ್ನು ತೆಗೆದುಕೊಂಡಿದ್ದಕ್ಕೆ ಇನ್ನೊಂದು. ಕನ್ನಡದ ಪರಿಹಾರ ಎಂಬ ಪದಕ್ಕೆ ಎರಡು ಮುಖ. ನೆರೆ ಬಂದಾಗ ಸರ್ಕಾರ ಹಂಚುವುದೂ ಪರಿಹಾರವೇ, ಬೆರಳು ತೆಗೆದುಕೊಂಡವನು ಕೊಡಬೇಕಾದ್ದೂ ಪರಿಹಾರವೇ. ಮೊದಲನೆಯದು ಕರುಣೆ ಎನ್ನಬಹುದು, ಎರಡನೆಯದು ಬಾಕಿ. ಬಾಕಿಯನ್ನು ಖೈರಾತ್ ಎಂದು ಕರೆದು ಕೊಟ್ಟರೆ ಕೊಟ್ಟವನು ದೊಡ್ಡವನಾಗುತ್ತಾನೆ, ಪಡೆದವನು ತಲೆ ತಗ್ಗಿಸುತ್ತಾನೆ. ದುಡಿದವನ ಬೆವರು ಮತ್ತು ಕೂಲಿಯ ಬಗ್ಗೆ ಮಿಂಬರಿನಿಂದ ನಾವು ಎಷ್ಟು ಸಲ ಕೇಳಿದ್ದೇವೆ! ಬೆವರಿಗೇ ಅಷ್ಟು ಗೌರವವಿದ್ದರೆ ರಕ್ತಕ್ಕೆ ಎಷ್ಟಿರಬೇಕು?

ಇಷ್ಟು ಹೊತ್ತು ನಾವು ಮಾತಾಡಿದ್ದು ಬೆರಳು ಕಳೆದುಕೊಂಡವನ ಬಗ್ಗೆ. ಅವನಿಗೆ ತೋರಿಸಲು ಕೊನೆಗೆ ಒಂದು ಮೊಂಡು ಕೈಯಾದರೂ ಇದೆ. ಏನನ್ನೂ ಕಳೆದುಕೊಳ್ಳದೆ ಎಲ್ಲವನ್ನೂ ಕಳೆದುಕೊಂಡವರ ಗತಿ ಏನು? ಮಂಡಿಯಲ್ಲಿ ಇಪ್ಪತ್ತೈದು ವರ್ಷ ಮೂಟೆ ಹೊತ್ತ ಹಮಾಲನ ಬೆನ್ನು ಒಂದು ದಿನದ ಅಪಘಾತದಲ್ಲಿ ಮುರಿದದ್ದಲ್ಲ, ದಿನವೂ ಸ್ವಲ್ಪ ಸ್ವಲ್ಪ ಮುರಿದದ್ದು. ಕಾಯಿದೆ ಕೇಳುವುದು ಅಪಘಾತದ ತಾರೀಖು. ಅವನು ಯಾವ ತಾರೀಖು ಹೇಳಬೇಕು? ಕಸುಬಿನಿಂದ ಬರುವ ಕಾಯಿಲೆಗಳ ಪಟ್ಟಿಯೊಂದು ಕಾಯಿದೆಯಲ್ಲಿದೆ. ಸೀಸದ ವಿಷ, ಕಲ್ಲಿನ ದೂಳಿನ ಸಿಲಿಕೋಸಿಸ್, ಸದ್ದಿನಿಂದ ಬರುವ ಕಿವುಡು ಅಲ್ಲಿವೆ. ಮೂಟೆ ಹೊತ್ತ ಬೆನ್ನು ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2010ರಲ್ಲಿ ಪರಿಷ್ಕರಿಸಿದ ತನ್ನ ಪಟ್ಟಿಯಲ್ಲಿ ಸ್ನಾಯು ಮತ್ತು ಮೂಳೆಗಳ ಕಾಯಿಲೆಗೆಂದೇ ಒಂದು ಭಾಗ ಇಟ್ಟಿದೆ.

ನಮ್ಮ ಸಾಮಿಲ್ ಕೆಲಸಗಾರನ ಹೆಂಡತಿಯನ್ನೇ ನೋಡಿ. ಗಂಡನ ದುಡಿಮೆ ನಿಂತ ಮೇಲೆ ಆಕೆ ಬೀಡಿ ಕಟ್ಟುವುದನ್ನು ಹೆಚ್ಚಿಸಿದಳು. ಬೆಳಗಿನ ಕೆಲಸ ಮುಗಿಸಿ ಮೊರ ತೊಡೆಯ ಮೇಲಿಟ್ಟುಕೊಂಡು ಕೂತರೆ ರಾತ್ರಿಯವರೆಗೂ ತಲೆ ಬಗ್ಗಿಸಿಯೇ. ಈಗ ಆಕೆಗೆ ಕುತ್ತಿಗೆ ತಿರುಗುವುದಿಲ್ಲ, ಬೆರಳ ತುದಿಗಳು ಜೋಮು ಹಿಡಿಯುತ್ತವೆ. ಒಂದು ಬೆರಳೂ ಹೋಗಿಲ್ಲ. ಆದ್ದರಿಂದ ಯಾರ ಪಟ್ಟಿಯಲ್ಲೂ ಆಕೆ ಇಲ್ಲ. ಗಂಡನ ನೋವು ಹೀಗೆ ಹೆಂಡತಿಯ ಕುತ್ತಿಗೆಗೆ ದಾಟಿತು, ಓದು ಬಿಟ್ಟು ಬಟ್ಟೆ ಅಂಗಡಿ ಸೇರಿದ ಮಗನ ಹೆಗಲಿಗೆ ದಾಟಿತು. ಮೂವತ್ತು ಸಾವಿರದ ಕಾಗದ ಬರೆಯುವಾಗ ಇವರಿಬ್ಬರ ಹೆಸರು ನಮ್ಮ ನೆನಪಿಗೇ ಬಂದಿರಲಿಲ್ಲ.

ನೋವಿನ ಜೊತೆ ಬದುಕುವ ಬಗ್ಗೆಯೂ ಎರಡು ಮಾತು ಹೇಳಬೇಕು. ನಮ್ಮ ಬೀದಿಗಳಲ್ಲಿ ಅದಕ್ಕಿರುವ ಉಪಾಯ ಎರಡೇ. ಒಂದು ಸಬರ್, ಇನ್ನೊಂದು ಸೂಜಿ. ಸಬರ್ ದೊಡ್ಡ ಗುಣವೇ. ಆದರೆ ಅದನ್ನು ನೋವಿಲ್ಲದವರು ನೋವಿದ್ದವರಿಗೆ ಉಪದೇಶ ಮಾಡುವುದು ಸುಲಭ. ಇನ್ನು ಸೂಜಿ. ಮೂಲೆಯ ಕ್ಲಿನಿಕ್ಕಿನಲ್ಲಿ ವಾರಕ್ಕೆರಡು ಸಲ ನೋವಿನ ಇಂಜೆಕ್ಷನ್, ಮೆಡಿಕಲ್ ಅಂಗಡಿಯಿಂದ ಚೀಟಿಯಿಲ್ಲದೆ ಕೊಳ್ಳುವ ಮಾತ್ರೆ. ಡೈಕ್ಲೊಫೆನಾಕಿನಂಥ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ನರದ ನೋವಿಗೆ ಅವು ಹೆಚ್ಚು ಉಪಯೋಗಕ್ಕೂ ಬರುವುದಿಲ್ಲ. ಅದಕ್ಕೆ ಬೇರೆಯೇ ಔಷಧಿಗಳಿವೆ, ಅವನ್ನು ತಿಳಿದ ವೈದ್ಯರು ನೋಡಿ ಕೊಡಬೇಕು. ದೊಡ್ಡ ಆಸ್ಪತ್ರೆಗಳಲ್ಲಿ, ಕೆಲವು ಮೆಡಿಕಲ್ ಕಾಲೇಜುಗಳಲ್ಲಿ ನೋವಿಗೆಂದೇ ವಿಭಾಗಗಳಿವೆ. ಅರವಳಿಕೆ ಕೊಡುವ ವೈದ್ಯರೇ ಹೆಚ್ಚಾಗಿ ಅದನ್ನು ನಡೆಸುತ್ತಾರೆ. ಹಳೆಯ ಬೆನ್ನುನೋವಿನವರು ತಿಂಗಳುಗಟ್ಟಲೆ ಮಲಗಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು. ದಿನಕ್ಕೆ ಇಷ್ಟು ಹೆಜ್ಜೆ ಎಂದು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ನಡೆಯುವುದು, ನಿದ್ದೆಯನ್ನು ಸರಿಮಾಡಿಕೊಳ್ಳುವುದು, ಮನಸ್ಸು ಕುಗ್ಗಿದಾಗ ನಾಚಿಕೆಯಿಲ್ಲದೆ ಹೇಳಿಕೊಳ್ಳುವುದು, ಇವೂ ಚಿಕಿತ್ಸೆಯೇ. ನೋವು ಪೂರ್ತಿ ಹೋಗದೆ ಇರಬಹುದು. ಅದು ಮನೆಯ ಯಜಮಾನನಂತೆ ಆಳುವುದನ್ನು ತಪ್ಪಿಸಬಹುದು.

ಆದರೆ ಕೋರ್ಟಿನ ಅಂಗಳದಲ್ಲಿ ಇಂಥ ಪ್ರಯತ್ನವೇ ಕೆಲಸಗಾರನಿಗೆ ಮುಳುವಾಗುತ್ತದೆ. ನಡೆಯುವ ಅಭ್ಯಾಸ ಮಾಡಿದರೆ "ನಡೆಯುತ್ತಾನಲ್ಲ, ಏನಾಗಿದೆ?" ಎನ್ನುತ್ತಾರೆ. ಎದುರು ವಕೀಲರು ಸಾಕ್ಷಿಕಟ್ಟೆಯಲ್ಲಿ ನಿಂತವನನ್ನು "ಬಸ್ಸಿನಲ್ಲಿ ಬಂದಿರಾ? ನಿಂತು ಬಂದಿರಾ? ಕಂಬಿ ಯಾವ ಕೈಯಲ್ಲಿ ಹಿಡಿದಿದ್ದಿರಿ?" ಎಂದು ಕೇಳುತ್ತಾರೆ. ಪರಿಹಾರ ಬೇಕಾದರೆ ವಾಸಿಯಾಗಬಾರದು, ವಾಸಿಯಾದರೆ ಪರಿಹಾರವಿಲ್ಲ ಎಂಬ ಇಕ್ಕಟ್ಟಿನಲ್ಲಿ ರೋಗಿಯನ್ನು ನಿಲ್ಲಿಸುವ ವ್ಯವಸ್ಥೆ ಯಾರ ಕಾಯಿಲೆಯನ್ನು ಗುಣಪಡಿಸೀತು? ಸುಳ್ಳು ಹೇಳುವವರೂ ಇರಬಹುದು. ಕೆಲವರು ಸುಳ್ಳು ಸಾಕ್ಷಿ ಹೇಳುತ್ತಾರೆಂದು ಕೋರ್ಟು ಸಾಕ್ಷಿ ಕೇಳುವುದನ್ನೇ ನಿಲ್ಲಿಸಿದೆಯೆ?

ಹಾಗಾದರೆ ಏನಾಗಬೇಕು? ಸರ್ಕಾರಕ್ಕೆ ನಮ್ಮ ಬೇಡಿಕೆ ಸ್ಪಷ್ಟ. ಶೇಕಡಾವಾರು ಲೆಕ್ಕ ಹಾಕುವಾಗ ಉಳಿದುಹೋದ ನೋವನ್ನೂ ಅಳೆಯಬೇಕು. ಮೂಟೆ ಹೊತ್ತ ಬೆನ್ನು, ಬೀಡಿ ಕಟ್ಟಿದ ಕುತ್ತಿಗೆ ಕಸುಬಿನ ಕಾಯಿಲೆಗಳ ಪಟ್ಟಿಗೆ ಬರಬೇಕು. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ನೋವಿನ ಚಿಕಿತ್ಸೆ ಸಿಗಬೇಕು. ಡಾಕ್ಟರರಿಗೆ ಒಂದು ವಿನಂತಿ. ಸರ್ಟಿಫಿಕೇಟಿನಲ್ಲಿ ಬರೀ ಅಂಗ ಎಷ್ಟು ಹೋಗಿದೆ ಎಂದು ಬರೆಯಬೇಡಿ, ಈ ಮನುಷ್ಯ ತನ್ನ ಕಸುಬಿನ ಯಾವ ಕೆಲಸ ಮಾಡಲಾರ ಎಂಬುದನ್ನೂ ಬರೆಯಿರಿ. ಪೆಟ್ಟುಬಿದ್ದವರಿಗೆ ಹೇಳುವುದಿಷ್ಟು. ಆಸ್ಪತ್ರೆಗೆ ಹೋದ ಮೊದಲ ದಿನವೇ ಇದು ಕೆಲಸದ ಜಾಗದಲ್ಲಿ ಆದದ್ದು ಎಂದು ದಾಖಲೆ ಮಾಡಿಸಿ, "ಮನೆಯಲ್ಲಿ ಬಿದ್ದೆ ಅಂತ ಹೇಳು" ಎಂಬ ಮಾತಿಗೆ ಒಪ್ಪಬೇಡಿ. ಯಜಮಾನರಿಗೆ ಬರಹದಲ್ಲಿ ತಿಳಿಸಿ. ಒಂದು ನೋಟುಬುಕ್ಕಿನಲ್ಲಿ ದಿನವೂ ಎಷ್ಟು ನಿದ್ದೆ ಮಾಡಿದೆ, ಎಷ್ಟು ಭಾರ ಎತ್ತಿದೆ, ಯಾವ ಕೆಲಸ ಆಗಲಿಲ್ಲ ಎಂದು ಬರೆದಿಡಿ. ಡಾಕ್ಟರಿಗೂ ವಕೀಲರಿಗೂ ಅದು ಉಪಯೋಗಕ್ಕೆ ಬರುತ್ತದೆ. ಗಡುವು ಕಳೆಯಲು ಬಿಡಬೇಡಿ.

ಜಮಾತಿನ ಹಿರಿಯರಿಗೆ ನಮ್ಮ ಮಾತು ಸ್ವಲ್ಪ ಕಹಿಯಾಗಿಯೇ ಇರಲಿ. ಗಂಡಹೆಂಡಿರ ಜಗಳ ಬಿಡಿಸಿ, ಅಣ್ಣತಮ್ಮಂದಿರ ಗೋಡೆಯ ತಕರಾರು ಬಗೆಹರಿಸಿ, ಬೇಡವೆನ್ನುವುದಿಲ್ಲ. ಬೆರಳಿನ ಬೆಲೆ ಕಟ್ಟಲು ಮಾತ್ರ ಕೂರಬೇಡಿ. ಅಲ್ಲಿ ಎದುರುಬದುರು ಕೂತವರು ಸಮಾನರಲ್ಲ. ಒಬ್ಬ ನಾಳೆಯೂ ಕೂಲಿ ಕೊಡುವವನು, ಇನ್ನೊಬ್ಬ ನಾಳೆಯೂ ಕೂಲಿ ಬೇಡುವವನು. ಆ ಕೋಣೆಯಲ್ಲಿ ಆಗುವ ರಾಜಿ ಯಾವತ್ತೂ ಯಜಮಾನರ ಕಡೆಗೇ ವಾಲುತ್ತದೆ.

ಕೊನೆಗೆ ನಮ್ಮಂಥ ಬರೆಯುವವರು. ಉರ್ದು ಕಾವ್ಯಕ್ಕೆ ದರ್ದ್ ಎಂದರೆ ಬಲು ಪ್ರೀತಿ. ಕನ್ನಡ ಕಥೆಗೂ ಬಡವನ ಕಣ್ಣೀರೆಂದರೆ ಇಷ್ಟ. ನಾವೂ ನೋವನ್ನು ಚೆಂದ ಮಾಡಿ ಬರೆದು ಚಪ್ಪಾಳೆ ಪಡೆದಿದ್ದೇವೆ. ಹಮ್‌ದರ್ದ್ ಎಂಬ ಪದಕ್ಕೆ ಒಂದೇ ನೋವನ್ನು ಉಣ್ಣುವವನು ಎಂದು ಅರ್ಥ. ನಮಗೆ ಆ ಹೆಸರು ಸಲ್ಲದು. ಅವನ ಬೆರಳು ನಮಗೆ ನೋಯುವುದಿಲ್ಲ. ಆದರೆ ಬರೆಯುವ ಕೈ ನಮ್ಮದು, ತಪ್ಪು ಕಾಗದ ಬರೆದದ್ದೂ ಅದೇ ಕೈ.

2024ರಲ್ಲಿ ಅವನು ಕಡೆಗೂ ಅರ್ಜಿ ಹಾಕಿದ. ತಡವಾದದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಗಡುವು ಮೀರಿದ ಅರ್ಜಿಯನ್ನೂ ತೆಗೆದುಕೊಳ್ಳಲು ಕಾಯಿದೆಯಲ್ಲಿ ಅವಕಾಶವಿದೆ. ಆ ಕಾರಣವನ್ನು ಪ್ರಮಾಣಪತ್ರದಲ್ಲಿ ಬರೆದುಕೊಟ್ಟವರು ನಾವೇ. ಇಂಥ ದಿನ, ಇಂಥ ಕೋಣೆಯಲ್ಲಿ, ಇಷ್ಟು ಜನರ ಮುಂದೆ, ಬೆಲೆಯಿಲ್ಲದ ಆ ಕಾಗದವನ್ನು ನಮ್ಮ ಕೈಯಾರೆ ಬರೆದೆವು, ಅದನ್ನು ನಂಬಿ ಅವನು ಸುಮ್ಮನಾದ ಎಂದು. ಅಂದಿನಿಂದ ಯಜಮಾನರು ನಮಗೆ ಸಲಾಂ ಹೇಳುವುದನ್ನು ಬಿಟ್ಟಿದ್ದಾರೆ. ಮೊಹಲ್ಲಾದ ಕೆಲವರು ನಮ್ಮವರನ್ನೇ ಕೋರ್ಟಿಗೆ ಎಳೆದಿರಿ ಎನ್ನುತ್ತಾರೆ. ಹಾಗೆನ್ನುವವರಿಗೆ ನಮ್ಮದು ಒಂದೇ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಎದ್ದು ಕೂರುವವನು ಯಾರವನು?